ದೇವರು ಕಣ್ಣು ಕುತ್ತುತ್ತೆ, ಗುಮ್ಮ ಬರ್ತಾನೆ: ಮಕ್ಕಳಿಗೆ ಈ ಹೆದರಿಕೆ ಎಷ್ಟು ಬೇಕು?

ಜೋಗಿಮಟ್ಟಿ
ಜಾತ್ರೆ ಹತ್ತಿರ ಬಂತಂದ್ರೆ ನಮ್ಮ ದುರ್ಗ, ದಾವಣಗೆರೆ ಕಡೆ ಮನೆಮನೆಯಲ್ಲೂ ಕೇಳೋ ಮಾತುಗಳಿವು. “ಎಡೆಗೆ ಮೊದಲೇ ಕೈ ಹಾಕಿದ್ರೆ ದೇವರು ಕಣ್ಣು ಕುತ್ತುತ್ತೆ.” “ಹರಕೆ ಮರೆತ್ರೆ ಅಮ್ಮ ಮನೆಗೇ ಬರ್ತಾಳೆ.” ಉಣ್ಣದಿದ್ರೆ ಗುಮ್ಮ, ಓದದಿದ್ರೆ ಮೇಷ್ಟ್ರು, ಅತ್ತರೆ ಪೊಲೀಸ್, ಏನೂ ಸಿಗದಿದ್ರೆ ಸೂಜಿ ಚುಚ್ಚೋ ಡಾಕ್ಟ್ರು. ಭಯ ಇದ್ರೇನೇ ಭಕ್ತಿ, ಭಯ ಇದ್ರೇನೇ ಶಿಸ್ತು ಅನ್ನೋರು ಒಂದು ಕಡೆ. ಮಗುವಿಗೆ ಹೆದರಿಕೆಯ ಗಾಳಿಯೂ ಸೋಕಬಾರದು ಅನ್ನೋರು ಇನ್ನೊಂದು ಕಡೆ. ಗುಡಿ, ಶಾಲೆ, ಆಸ್ಪತ್ರೆ, ಕೋರ್ಟು ಬಲ್ಲವರು ಇಲ್ಲಿ ಇದ್ದೀರಿ. ಒಂದೇ ಕೋರಿಕೆ: “ನಮ್ಮಪ್ಪ ಬಾಸುಂಡೆ ಬರೋ ಹಾಗೆ ಹೊಡೆದಿದ್ದಕ್ಕೇ ನಾನು ಉದ್ಧಾರ ಆದೆ” ಅನ್ನೋ ಮನೆಕಥೆ ಬೇಡ. ಏನು ಮಾಡಿದ್ರೆ ಏನಾಗುತ್ತೆ, ಯಾಕಾಗುತ್ತೆ, ಅಷ್ಟು ಬರೀರಿ.

ಬೆಣ್ಣೆದೋಸೆ
ಕೇಳೋದೇನೈತ್ರಿ ಇದ್ರಾಗೆ. ದಂಡಂ ದಶಗುಣಂ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತಾ? “ಲಾಲಯೇತ್ ಪಂಚವರ್ಷಾಣಿ ದಶವರ್ಷಾಣಿ ತಾಡಯೇತ್” ಅಂತ ಹಿರಿಯರೇ ಹೇಳಿ ಹೋಗ್ಯಾರೆ. ಐದು ವರ್ಷ ಮುದ್ದು, ಆಮೇಲೆ ಹತ್ತು ವರ್ಷ ಕೋಲು. ಈಗಿನ ಹುಡುಗ್ರಿಗೆ ದೇವರ ಭಯಾನೂ ಇಲ್ಲ, ಅಪ್ಪನ ಭಯಾನೂ ಇಲ್ಲ.

ಏಳುಸುತ್ತು
ಶ್ಲೋಕದ ಉಳಿದರ್ಧ ಬಿಟ್ಟಿರಿ ಅಣ್ಣಾ. ಹದಿನಾರಾದ ಮೇಲೆ ಮಗನನ್ನು ಗೆಳೆಯನಂತೆ ನೋಡು ಅಂತ ಮುಗಿಯುತ್ತೆ ಅದು. ಹತ್ತು ವರ್ಷ ಕೋಲು ಕಂಡವನು ಹದಿನಾರಕ್ಕೆ ಗೆಳೆಯ ಹೇಗಾಗ್ತಾನೆ ಅನ್ನೋದು ಬೇರೆ ಪ್ರಶ್ನೆ.

ಗುಡಿ ಕಡೆಯ ವಿಷಯ ಹೇಳ್ತೀನಿ. ಗ್ರಾಮದೇವತೆ ಪೂಜೆಯಲ್ಲಿ ಭಯ ಇಲ್ಲ ಅಂದ್ರೆ ಸುಳ್ಳು, ಇದ್ದೇ ಇದೆ. ಆದ್ರೆ ಅದರ ಪಕ್ಕದಲ್ಲೇ ಹೊರಗೆ ಬರೋ ದಾರೀನೂ ಇಟ್ಟಿದ್ದಾರೆ. ಮಕ್ಕಳಿಗೆ ನಾವು ಭಯ ಮಾತ್ರ ದಾಟಿಸ್ತೀವಿ, ದಾರಿ ಹೇಳಲ್ಲ.

ಹರಕೆ ತಪ್ಪಿತು ಅಂತಿಟ್ಕೊಳ್ಳಿ. ತಲೆಗೆ ನೀರು ಹಾಕ್ಕೊಂಡು, ಅಂಗೈ ಅಗಲದ ಬಿಳಿ ಬಟ್ಟೆಯನ್ನು ಅರಿಶಿನದ ನೀರಲ್ಲಿ ಅದ್ದಿ ಒಣಗಿಸಿ, ಅದರಲ್ಲಿ ಒಂದೂಕಾಲು ರೂಪಾಯಿ, ಒಂದು ಅಡಿಕೆ, ನಾಲ್ಕು ಅಕ್ಕಿಕಾಳು ಇಟ್ಟು ಗಂಟು ಹಾಕೋದು, ಇದೇ ಮುಡುಪು. ಮನೆಯಿಂದ ಮನೆಗೆ ಸ್ವಲ್ಪ ವ್ಯತ್ಯಾಸ ಇರುತ್ತೆ. ನಾಲ್ಕಾಣೆ ಚಲಾವಣೆ 2011ರಲ್ಲೇ ನಿಂತಿದೆ. ಹಳೇ ನಾಣ್ಯ ಎತ್ತಿಟ್ಟವರು ಅದನ್ನೇ ಹಾಕ್ತಾರೆ, ಇಲ್ಲದವರು ಒಂದು ರೂಪಾಯಿಗೆ ಕೈ ಮುಗೀತಾರೆ. ಗಂಟು ಹಾಕುವಾಗ ಬಾಯಿಬಿಟ್ಟು ಹೇಳಬೇಕು: ಏನು ತಪ್ಪಿತು, ಯಾವಾಗ ತೀರಿಸ್ತೀವಿ. ದೇವರ ಕೋಣೆಯಲ್ಲಿ ಕಟ್ಟಿಟ್ಟು, ಜಾತ್ರೆಗೆ ಹೋದಾಗ ತಪ್ಪುಕಾಣಿಕೆ ಅಂತ ಒಪ್ಪಿಸಿದ್ರೆ ಮುಗೀತು. ಒಪ್ಪಿಸಿದ ಮೇಲೆ ಆ ತಪ್ಪನ್ನ ಮತ್ತೆ ಎತ್ತಿ ಆಡೋ ಹಾಗಿಲ್ಲ, ಅತ್ತೆ ಸೊಸೆಗೂ ಅನ್ನೋ ಹಾಗಿಲ್ಲ.

ಎಡವಟ್ಟಾಗೋದು ಎಲ್ಲಿ ಅಂದ್ರೆ, ತಪ್ಪು ದೊಡ್ಡದಾದಷ್ಟೂ ಕಾಣಿಕೆ ದೊಡ್ಡದಾಗಬೇಕು ಅಂತ ಯಾರೋ ಹೇಳಿದಾಗ. ಮುಡುಪಿಗೆ ಅಂಥ ಲೆಕ್ಕ ಇಲ್ಲ. “ದೋಷ ಐತೆ, ಹನ್ನೊಂದು ಸಾವಿರ ಆಗುತ್ತೆ” ಅಂದೋನು ಹೊರದಾರಿಯ ಬಾಗಿಲಿಗೆ ಟಿಕೆಟ್ ಇಟ್ಟ ಹಾಗೆ. ಇನ್ನೊಂದು, ಮಗುವಿನ ಹೆಸರಲ್ಲಿ ಮುಡಿ ಕೊಡೋ ಹರಕೆ ಹೊತ್ತಿದ್ರೆ, “ಕೊಡದಿದ್ರೆ ನಿಂಗೆ ಜ್ವರ ಬರುತ್ತೆ” ಅಂತ ಮಗುವಿನ ಎದುರು ಹೇಳಬೇಡಿ. “ನೀನು ಹುಷಾರಾದೆ, ಅದಕ್ಕೆ ಸಂತೋಷವಾಗಿ ಕೊಡ್ತಿದ್ದೀವಿ” ಅನ್ನಿ. ಕೊಡೋ ಮುಡಿ ಅದೇ, ಮಗುವಿನ ತಲೆಯಲ್ಲಿ ಉಳಿಯೋದು ಬೇರೆ.

ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಜಾತ್ರೆಗೆ ಮಕ್ಕಳನ್ನ ಕರ್ಕೊಂಡು ಹೋಗೋರು ಇದನ್ನ ಸುಲಭವಾಗಿ ತೋರಿಸಬಹುದು. ಕೊಬ್ಬರಿ ಸುಡೋ ಹರಕೆ ಅಲ್ಲಿದೆ, ತೇರಿದೆ. ಆದ್ರೆ ತಿಪ್ಪೇರುದ್ರಸ್ವಾಮಿ ಅಂದ ಕೂಡಲೇ ಜನ ಹೇಳೋದು “ಮಾಡಿದಷ್ಟು ನೀಡು ಭಿಕ್ಷೆ” ಅನ್ನೋ ಮಾತು ಮತ್ತು ಅವರು ಕಟ್ಟಿಸಿದ ಕೆರೆಗಳು. ಎರಡರಲ್ಲೂ ಬೆದರಿಕೆ ಇಲ್ಲ.

ಆಜಾದ್‌ನಗರ
ಏಳುಸುತ್ತು ಅಣ್ಣ ಹೇಳಿದ್ದು ನಮ್ಮಲ್ಲೂ ಹಾಗೇ ಇದೆ. ಖೌಫ್ ಅಂದ್ರೆ ಅಲ್ಲಾಹನ ಭಯ, ರಜಾ ಅಂದ್ರೆ ಅವನ ಕರುಣೆಯ ಮೇಲಿನ ಭರವಸೆ. ಒಂದನ್ನ ಬಿಟ್ಟು ಒಂದನ್ನ ಕಲಿಸಬಾರದು ಅಂತಾರೆ ಉಲೇಮಾಗಳು, ಅಂದ್ರೆ ಧರ್ಮಪಂಡಿತರು. ತೌಬಾ ಅಂದ್ರೆ ತಪ್ಪು ಒಪ್ಪಿ ಅಲ್ಲಾಹನ ಕಡೆ ಮರಳೋದು, ಅದಕ್ಕೆ ಷರತ್ತುಗಳು ಸ್ಪಷ್ಟ: ಆ ಕೆಲಸ ನಿಲ್ಲಿಸಬೇಕು, ಮನಸ್ಸಲ್ಲಿ ಪಶ್ಚಾತ್ತಾಪ ಇರಬೇಕು, ಮತ್ತೆ ಮಾಡಲ್ಲ ಅಂತ ನಿಶ್ಚಯ ಮಾಡಬೇಕು. ಬೇರೆಯವರ ಹಕ್ಕು ಕಿತ್ಕೊಂಡಿದ್ರೆ ಅದನ್ನ ವಾಪಸ್ ಕೊಡಬೇಕು, ಕೊಡದೆ ತೌಬಾ ಪೂರ್ತಿ ಆಗಲ್ಲ. ಮದರಸಾದಲ್ಲಿ ಜಹನ್ನಮ್ (ನರಕ) ಬೆಂಕಿಯ ವರ್ಣನೆಯನ್ನೇ ಅರ್ಧ ಗಂಟೆ ಮಾಡಿ, ತೌಬಾದ ಬಾಗಿಲು ತೆರೆದಿದೆ ಅನ್ನೋದನ್ನ ಒಂದು ಸಾಲಲ್ಲಿ ಮುಗಿಸೋ ಉಸ್ತಾದರೂ ಇದ್ದಾರೆ. ಆರು ವರ್ಷದ ಮಗುವಿಗೆ ಆ ಪ್ರಮಾಣ ಉಲ್ಟಾ ಇರಬೇಕು.

ಹಸಿರುಪೆನ್ನು
ಪ್ರಮಾಣದ ಮಾತು ಬಂದಿದ್ದು ಒಳ್ಳೇದಾಯ್ತು. ಸಣ್ಣ ಬೆದರಿಕೆಗೂ ದೊಡ್ಡ ಬೆದರಿಕೆಗೂ ಏನು ವ್ಯತ್ಯಾಸ ಅಂತ 1965ರಲ್ಲೇ ಜೊನಾಥನ್ ಫ್ರೀಡ್‌ಮನ್ ಎಂಬ ಮನಶ್ಶಾಸ್ತ್ರಜ್ಞ ನೋಡಿದ್ದಾರೆ. ಪ್ರಾಥಮಿಕ ಶಾಲೆಯ ಹುಡುಗರ ಮುಂದೆ ಐದು ಆಟಿಕೆ, ಅದರಲ್ಲಿ ಒಂದು ಬ್ಯಾಟರಿ ರೋಬೋ. ಒಂದು ಗುಂಪಿಗೆ “ರೋಬೋ ಮುಟ್ಟಿದ್ರೆ ನಂಗೆ ತುಂಬಾ ಸಿಟ್ಟು ಬರುತ್ತೆ, ಸುಮ್ನೆ ಬಿಡಲ್ಲ” ಅಂದ್ರು. ಇನ್ನೊಂದು ಗುಂಪಿಗೆ “ಅದರ ಜೊತೆ ಆಡೋದು ತಪ್ಪು” ಅಂತಷ್ಟೇ. ಆ ದಿನ ಎರಡೂ ಗುಂಪು ಹೆಚ್ಚುಕಡಿಮೆ ಮುಟ್ಟಲಿಲ್ಲ. ಬೆಣ್ಣೆದೋಸೆ ಸರ್, ನೀವು ಹೇಳೋ ಶಿಸ್ತು ಇಲ್ಲಿವರೆಗೆ ನಿಜ, ಬೆದರಿಕೆ ಆ ಹೊತ್ತಿಗೆ ಕೆಲಸ ಮಾಡುತ್ತೆ. ಸುಮಾರು ಆರು ವಾರ ಕಳೆದು ಬೇರೆಯವರು ಹೋಗಿ, ಬೆದರಿಕೆಯ ಸುದ್ದಿ ಎತ್ತದೆ ಅದೇ ಆಟಿಕೆಗಳನ್ನ ಇಟ್ಟರು. ಜೋರು ಬೆದರಿಕೆ ಕೇಳಿದವರಲ್ಲಿ ಹೆಚ್ಚಿನವರು ರೋಬೋ ಜೊತೆ ಆಡಿದರು, ಮೆತ್ತಗೆ ಹೇಳಿಸಿಕೊಂಡವರಲ್ಲಿ ಸುಮಾರು ಮೂರರಲ್ಲಿ ಒಬ್ಬರು ಮಾತ್ರ. ಕಾರಣ ಸರಳ. ಜೋರು ಬೆದರಿಕೆಗೆ ಸುಮ್ಮನಾದವನು “ಅವರಿದ್ದರು ಅಂತ ಮುಟ್ಟಲಿಲ್ಲ” ಅಂದುಕೊಳ್ತಾನೆ. ಮೆತ್ತಗೆ ಹೇಳಿದಾಗ ಆ ಸಬೂಬು ಸಾಲಲ್ಲ, “ನನಗೇ ಬೇಡ ಅನ್ನಿಸ್ತು” ಅಂತ ಒಳಗೇ ಒಂದು ಕಾರಣ ಹುಟ್ಟುತ್ತೆ.

ಎರಡನೇದು ಸುಳ್ಳಿನ ವಿಷಯ. ವಿಕ್ಟೋರಿಯಾ ತಲ್ವಾರ್ ಮತ್ತು ಕಾಂಗ್ ಲೀ ಎಂಬ ಸಂಶೋಧಕರು 2011ರಲ್ಲಿ ಪಶ್ಚಿಮ ಆಫ್ರಿಕಾದ ಎರಡು ಶಾಲೆಗಳ ಮೂರು-ನಾಲ್ಕು ವರ್ಷದ ಮಕ್ಕಳನ್ನ ಹೋಲಿಸಿದರು. ಒಂದರಲ್ಲಿ ಕೋಲು, ಕಪಾಳಮೋಕ್ಷ, ಚಿವುಟೋದು ದಿನದ ಪದ್ಧತಿ, ಇನ್ನೊಂದರಲ್ಲಿ ಇಲ್ಲ. ನೋಡಬೇಡ ಅಂದಿದ್ದನ್ನ ಇಣುಕಿ ನೋಡಿ, ನೋಡಿಲ್ಲ ಅಂದವರು ಏಟಿನ ಶಾಲೆಯಲ್ಲೇ ಹೆಚ್ಚು. ಹೇಳಿದ ಸುಳ್ಳನ್ನ ಮುಂದಿನ ಪ್ರಶ್ನೆಗೂ ಸಿಕ್ಕಿಬೀಳದ ಹಾಗೆ ಕಾಪಾಡಿಕೊಂಡವರೂ ಅವರೇ. ಹೊಡೆತ ಕಲಿಸೋ ವಿದ್ಯೆ ಯಾವುದು ಅಂತ ಇದರ ಮೇಲೆ ಬೇರೆ ಹೇಳಬೇಕಿಲ್ಲ.

ಇನ್ನು “ದೇವರು ಕಣ್ಣು ಕುತ್ತುತ್ತೆ.” ತಪ್ಪು ಮಾಡಿದ್ರೆ ಶಿಕ್ಷೆ ತಾನಾಗೇ ಬಂದು ಬೀಳುತ್ತೆ ಅಂತ ಆರೇಳು ವರ್ಷದ ಮಕ್ಕಳು ಸಹಜವಾಗೇ ನಂಬಿರ್ತಾರೆ, ಮಕ್ಕಳ ಮನಸ್ಸನ್ನ ಅಧ್ಯಯನ ಮಾಡಿದ ಪಿಯಾಜೆ 1932ರಲ್ಲೇ ಇದನ್ನ ಬರೆದಿದ್ದಾರೆ. ಕದ್ದ ಹುಡುಗ ಸೇತುವೆ ಮುರಿದು ಬಿದ್ದ ಅಂದ್ರೆ, ಕದ್ದಿದ್ದಕ್ಕೇ ಮುರೀತು ಅನ್ನೋ ವಯಸ್ಸು ಅದು. ಆ ವಯಸ್ಸಲ್ಲಿ ನಾವು ಬಾಯಿ ಮಾತಿಗೆ ಅಂದಿದ್ದನ್ನ ಮಗು ಅಕ್ಷರಶಃ ತಗೊಳ್ಳುತ್ತೆ. ಎಡೆಯ ಹೋಳಿಗೆ ಮುರಿದ ಮಾರನೇ ದಿನ ಅಜ್ಜಿ ಆಸ್ಪತ್ರೆ ಸೇರಿದ್ರೆ, ಅದು ತನ್ನಿಂದಲೇ ಅಂತ ನಂಬಿ ಯಾರಿಗೂ ಹೇಳದೆ ಇಟ್ಕೊಳ್ಳುತ್ತೆ. ಊಟ ಬಿಟ್ಟು, ಹಾಸಿಗೆ ಒದ್ದೆ ಮಾಡೋಕೆ ಶುರು ಮಾಡಿದ ಮೇಲೆ ಮನೆಯವರಿಗೆ ಗೊತ್ತಾಗೋದು.

ಅದಕ್ಕೇ ದೇವರ ಮನೆಯಲ್ಲಿ ಹೇಳೋ ಮಾತು ಕೈಗೆ ಸಿಗೋ ಹಾಗಿರಲಿ. “ದೀಪ ಮುಟ್ಟಿದ್ರೆ ಕೈ ಸುಡುತ್ತೆ.” “ಪೂಜೆ ಆದ ಮೇಲೆ ಮೊದಲ ಹೋಳಿಗೆ ನಿಂಗೇ, ಅಲ್ಲಿವರೆಗೆ ಗಂಟೆ ಹಿಡ್ಕೊಂಡು ನಿಲ್ಲು.” ಮೂರು ವರ್ಷದ ಮಗುವಿನ ಮುಂದೆ ಮುಕ್ಕಾಲು ಗಂಟೆ ಎಡೆ ಇಟ್ಟು ಮುಟ್ಟಬೇಡ ಅನ್ನೋದು ಮಗುವಿನ ತಪ್ಪಲ್ಲ, ಪೂಜೆಯ ಟೈಮ್‌ಟೇಬಲ್ ತಪ್ಪು. ಮಗುವಿಗೆ ಮೊದಲೇ ಒಂದಿಷ್ಟು ತಿನ್ನಿಸಿ ಕೂರಿಸಿದ್ರೆ ದೇವರ ಹೆಸರು ಕೆಡಿಸೋ ಪ್ರಮೇಯವೇ ಬರಲ್ಲ.

ಬೆಣ್ಣೆದೋಸೆ
ಹೊರದೇಶದ ರೋಬೋ ಕಥೆ ಬಿಡ್ರಿ ಮೇಷ್ಟ್ರೇ. ಶಾಸ್ತ್ರದಾಗೇ ಗಾಳಿ ಬೀಸೋದೂ ಅವನ ಭಯಕ್ಕೆ, ಸೂರ್ಯ ಹುಟ್ಟೋದೂ ಅವನ ಭಯಕ್ಕೆ ಅಂತೈತಲ್ಲ?

ಏಳುಸುತ್ತು
ಇದೆ, ತೈತ್ತಿರೀಯ ಉಪನಿಷತ್ತಿನಲ್ಲಿ. ಅದರ ಮುಂದಿನ ಅನುವಾಕದಲ್ಲೇ (ಭಾಗದಲ್ಲೇ) ಬ್ರಹ್ಮಾನಂದ ಬಲ್ಲವನು ಯಾವುದಕ್ಕೂ ಹೆದರಲ್ಲ ಅಂತಾನೂ ಇದೆ. ಗೀತೆಯ 16ನೇ ಅಧ್ಯಾಯದಲ್ಲಿ ದೈವೀ ಗುಣಗಳ ಪಟ್ಟಿ ಶುರುವಾಗೋದೇ ಅಭಯದಿಂದ. ಶರಣರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು: ಮಾರಿ ಅನ್ನೋಳು ಹೊರಗೆಲ್ಲೂ ಇಲ್ಲ, ಕಣ್ಣು ತಪ್ಪಿ ನೋಡಿದ್ರೆ ಅದೇ ಮಾರಿ, ನಾಲಿಗೆ ತಪ್ಪಿ ಆಡಿದ್ರೆ ಅದೇ ಮಾರಿ ಅಂತ ಬಸವಣ್ಣ ಭಯದ ದಿಕ್ಕನ್ನೇ ತಿರುಗಿಸಿಬಿಟ್ಟರು. ಈ ಸೀಮೆಯಲ್ಲಿ ಸಿರಿಗೆರೆ, ದುರ್ಗದ ಮಠಗಳಿಗೆ ನಡ್ಕೊಳ್ಳೋ ಮನೆಗಳಲ್ಲೂ ಮಾರಿಹಬ್ಬದ ದಿನ ಹೆದರಿಕೆ ತಪ್ಪಲ್ಲ, ಅದು ಬೇರೆ ಮಾತು.

ತಾಯಿಕಾರ್ಡ್
ಶಾಸ್ತ್ರ ನೀವು ನೋಡ್ಕೊಳ್ಳಿ. ಈ ಭಯ ಆಸ್ಪತ್ರೆಗೆ ತಡ ಮಾಡಿಸುತ್ತೆ ಅನ್ನೋದು ನನ್ನ ತಕರಾರು.

“ಅಮ್ಮ” ಬಂದಿದಾಳೆ ಅಂತ ಮಗುವನ್ನ ಕೋಣೆಯಲ್ಲಿ ಮಲಗಿಸಿ ಡಾಕ್ಟರಿಗೆ ತೋರಿಸದೆ ಇರ್ತಾರೆ, ತೋರಿಸಿದ್ರೆ ಅಮ್ಮ ಮುನೀತಾಳೆ ಅಂತ. ನಿಜವಾದ ಸಿಡುಬು ಪ್ರಪಂಚದಿಂದಲೇ ಹೋಯ್ತು ಅಂತ 1980ರಲ್ಲಿ ಘೋಷಣೆಯಾಗಿದೆ. ಈಗ ಬರೋದು ನೀರುಸಿಡುಬು ಇಲ್ಲವೇ ದಡಾರ. ಬೇವಿನ ಸೊಪ್ಪು ಹಾಸಿ, ಬೇರೆ ಮಲಗಿಸಿ, ಮೊಸರನ್ನ ಕೊಡಿ, ಯಾರೂ ಬೇಡ ಅನ್ನಲ್ಲ. ನೀರುಸಿಡುಬಿನ ಗುಳ್ಳೆ ಪೂರ್ತಿ ಒಣಗಿ ಹಕ್ಕಳೆ ಆಗೋವರೆಗೂ ಅಂಟುತ್ತೆ, ಹಾಗಾಗಿ ಬೇರೆ ಇಡೋದು ಒಳ್ಳೇದೇ. ಆದ್ರೆ ಆಸ್ಪಿರಿನ್ ಮಾತ್ರೆ ಕೊಡಲೇಬಾರದು, ಮಕ್ಕಳಲ್ಲಿ ಲಿವರ್ ಮತ್ತು ಮಿದುಳಿಗೆ ಪೆಟ್ಟಾಗೋ ಅಪಾಯ ಇದೆ. ಉಸಿರು ಏದುಸಿರಾದ್ರೆ, ಮಂಪರು ಕವಿದ್ರೆ, ಗುಳ್ಳೆ ಸುತ್ತ ಕೆಂಪಾಗಿ ಕೀವು ಕಟ್ಟಿದ್ರೆ, ಜ್ವರ ನಾಲ್ಕು ದಿನ ದಾಟಿದ್ರೆ ಆ ಹೊತ್ತೇ ಹೊರಡಿ. ದಡಾರಕ್ಕೆ ಲಸಿಕೆ 9 ತಿಂಗಳು ತುಂಬಿದ ಮೇಲೆ ಒಂದು, 16ರಿಂದ 24 ತಿಂಗಳ ಒಳಗೆ ಇನ್ನೊಂದು. ಕಾರ್ಡ್ ತೆಗೆದು ನೋಡಿ.

ಜ್ವರದಲ್ಲಿ ಫಿಟ್ಸ್ ಬಂದ್ರೆ “ಬಾಲಗ್ರಹ” ಅಂತ ಬರೆ ಹಾಕಿಸೋದು ಇನ್ನೂ ನಿಂತಿಲ್ಲ. ಆರು ತಿಂಗಳಿಂದ ಐದು ವರ್ಷದ ಮಕ್ಕಳಲ್ಲಿ ಇದು ಬರೋದುಂಟು. ಮಗ್ಗುಲಿಗೆ ಹೊರಳಿಸಿ ಮಲಗಿಸಿ, ಬಾಯಿಗೆ ಚಮಚ, ಬೆರಳು, ನೀರು ಏನೂ ಹಾಕಬೇಡಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದ್ರೆ 108. ಬೇಗ ನಿಂತರೂ ಮೊದಲ ಸಲ ಆಗಿದ್ರೆ ತೋರಿಸಲೇಬೇಕು. ಬರೆ ಹಾಕಿದ ಕೂಡಲೇ ಫಿಟ್ಸ್ ನಿಂತಿತು ಅಂತಾರೆ. ಹಾಕದಿದ್ರೂ ಹೆಚ್ಚಿನವು ಅಷ್ಟರಲ್ಲಿ ತಾವೇ ನಿಲ್ತವೆ.

ಮೂರನೇದು “ಗಾಳಿ ಸೋಕು”. ಮಲಗಿ ಒಂದೆರಡು ಮೂರು ಗಂಟೆಯಲ್ಲಿ ಮಗು ದಿಗ್ಗನೆ ಎದ್ದು ಕೂತು ಚೀರುತ್ತೆ, ಕಣ್ಣು ಬಿಟ್ಟಿರುತ್ತೆ, ಅಮ್ಮನ್ನೂ ಗುರುತಿಸಲ್ಲ, ಬೆಳಿಗ್ಗೆ ಕೇಳಿದ್ರೆ ನೆನಪೇ ಇಲ್ಲ. ಇದು ಅರೆನಿದ್ದೆಯ ಬೆಚ್ಚು, ದೆವ್ವ ಅಲ್ಲ. ಅಲುಗಾಡಿಸೋದು, ಮುಖಕ್ಕೆ ನೀರು ಎರಚೋದು ಮಾಡಿದ್ರೆ ಜಾಸ್ತಿ ಆಗುತ್ತೆ. ಬೀಳದ ಹಾಗೆ ಪಕ್ಕದಲ್ಲಿ ಕೂತ್ಕೊಳ್ಳಿ, ತಾನೇ ಮಲಗುತ್ತೆ. ದಿನಾ ಒಂದೇ ಹೊತ್ತಿಗೆ ಆಗ್ತಿದ್ರೆ, ಅದಕ್ಕೆ ಕಾಲು ಗಂಟೆ ಮೊದಲು ಮೆಲ್ಲಗೆ ಎಬ್ಬಿಸಿ ಮತ್ತೆ ಮಲಗಿಸಿ; ಎರಡು ಮೂರು ವಾರ ಹೀಗೆ ಮಾಡಿದ್ರೆ ಸಾಮಾನ್ಯವಾಗಿ ತಪ್ಪುತ್ತೆ. ಕೆಟ್ಟ ಕನಸು ಬೇರೆ: ಅದು ಬೆಳಗಿನ ಜಾವದ ಕಡೆ ಬರುತ್ತೆ, ಮಗು ಪೂರ್ತಿ ಎಚ್ಚರಾಗಿ ಕನಸು ಏನಂತ ಹೇಳುತ್ತೆ, ಅಪ್ಪಿಕೊಂಡ್ರೆ ಸಮಾಧಾನ ಆಗುತ್ತೆ.

ಇನ್ನೊಂದು ಮಾತು. “ಅತ್ರೆ ಸೂಜಿ ಚುಚ್ಚಿಸ್ತೀನಿ” ಅನ್ನೋರು ದಯವಿಟ್ಟು ನಿಲ್ಲಿಸಿ. ಲಸಿಕೆ ದಿನ ಆ ಮಗುವನ್ನ ಹಿಡಿಯೋಕೆ ಮೂರು ಜನ ಬೇಕಾಗುತ್ತೆ.

ಜೋಗಿಮಟ್ಟಿ
ಅಕ್ಕಾ, ಇದನ್ನ ಪ್ರಿಂಟ್ ಹಾಕಿಸಿ ಅಂಗನವಾಡಿ ಗೋಡೆಗೆ ಅಂಟಿಸಬೇಕು. ಬರೆ ಹಾಕೋದಕ್ಕೆ, ದೆವ್ವ ಬಿಡಿಸೋದಕ್ಕೆ ಕಾನೂನು ಏನನ್ನುತ್ತೆ, ಯಾರಾದ್ರೂ ಹೇಳ್ತೀರಾ?

ಕರಿಕೋಟು
ಚಿಕ್ಕದಾಗಿ ಹೇಳ್ತೀನಿ. ನಮ್ಮ ರಾಜ್ಯದಲ್ಲಿ ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆ ಕಾಯ್ದೆ 2017ರದ್ದು, ಜಾರಿಗೆ ಬಂದಿದ್ದು 2020ರ ಜನವರಿಯಲ್ಲಿ. ದೆವ್ವ ಬಿಡಿಸ್ತೀವಿ ಅಂತ ಹೊಡೆಯೋದು, ಹಾವು ಕಚ್ಚಿದವರನ್ನ ಆಸ್ಪತ್ರೆಗೆ ಹೋಗದಂತೆ ತಡೆದು ಮಂತ್ರ ಹಾಕೋದು, ಮುಟ್ಟಾದ ಹೆಣ್ಣುಮಕ್ಕಳನ್ನ, ಗರ್ಭಿಣಿಯರನ್ನ ಬಲವಂತವಾಗಿ ಊರಾಚೆ ಇಡೋದು ಎಲ್ಲ ಅದರಡಿ ಅಪರಾಧ. ಶಿಕ್ಷೆ ಒಂದರಿಂದ ಏಳು ವರ್ಷ, ದಂಡ ಐದು ಸಾವಿರದಿಂದ ಐವತ್ತು ಸಾವಿರ. ಪೂಜೆ, ಪ್ರದಕ್ಷಿಣೆ, ಯಾತ್ರೆ, ಹರಿಕಥೆಗೆ ಅಡ್ಡಿಯಿಲ್ಲ. ಹಾಗಾಗಿ ಕಾಯ್ದೆ ಅಂದ ಕೂಡಲೇ ಮುಡುಪು ಕಟ್ಟೋರು ಗಾಬರಿ ಆಗಬೇಕಿಲ್ಲ. ಶಾಲೆಯಲ್ಲಿ ಹೊಡೆಯೋದಷ್ಟೇ ಅಲ್ಲ, ಮಾನಸಿಕವಾಗಿ ಹಿಂಸಿಸೋದೂ ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಸೆಕ್ಷನ್ ಪ್ರಕಾರ ನಿಷಿದ್ಧ. ಮಗುವಿನ ಜವಾಬ್ದಾರಿ ಹೊತ್ತವರೇ ಕ್ರೌರ್ಯ ಎಸಗಿದ್ರೆ ಬಾಲನ್ಯಾಯ ಕಾಯ್ದೆ 2015ರ 75ನೇ ಸೆಕ್ಷನ್. ಮಕ್ಕಳ ಸಹಾಯವಾಣಿ 1098, ಹೇಳಿದವರ ಹೆಸರು ಹೊರಗೆ ಬರಲ್ಲ.

ಹಿರಿಯೂರು, ಚಳ್ಳಕೆರೆ ಕಡೆಯ ಕೆಲವು ಹಟ್ಟಿಗಳಲ್ಲಿ ಬಾಣಂತಿ, ಕೂಸನ್ನ ಊರಾಚೆ ಗುಡಿಸಲಲ್ಲಿ ಇಡೋದು ದೇವರು ಮುನಿದಾನು ಅನ್ನೋ ಭಯಕ್ಕೇ. ಅಲ್ಲಿ ಬರೀ ಕೇಸು ಹಾಕಿದ್ರೆ ಗುಡಿಸಲು ಇನ್ನೂ ದೂರ ಹೋಗುತ್ತೆ. ಹಟ್ಟಿಯ ಪೂಜಾರಿ, ಯಜಮಾನರ ಬಾಯಲ್ಲೇ “ದೇವರಿಗೆ ತೊಂದರೆ ಇಲ್ಲ” ಅಂತ ಬಂದ್ರೆ ಕೆಲಸ ಆಗುತ್ತೆ.

ಹಸಿರುಪೆನ್ನು
ಈಗಾಗಲೇ ಹೆದರಿಬಿಟ್ಟಿರೋ ಮಗುವಿಗೆ ಏನು ಮಾಡೋದು ಅಂತ ಇಬ್ಬರು ಇನ್‌ಬಾಕ್ಸಲ್ಲಿ ಕೇಳಿದ್ದಾರೆ, ಇಲ್ಲೇ ಬರೀತೀನಿ. ಮೊದಲು ಯಾವುದರ ಭಯ ಅಂತ ಸರಿಯಾಗಿ ಕೇಳಿ. ದೇವಿಯ ಭಯವಾ, ದೇವಿಯ ಬೆಳ್ಳಿ ಕಣ್ಣಿನ ಭಯವಾ, ತಮಟೆ ಸದ್ದಿನದಾ? ಹೆಚ್ಚಿನ ಸಲ ಕೊನೆಯೆರಡೇ ಇರುತ್ತೆ. ಭಯ ಹುಟ್ಟಿಸಿದವರೇ “ನಾನು ಸುಮ್ನೆ ಅಂದಿದ್ದೆ ಕಂದಾ, ದೇವರು ಹಾಗೆ ಮಾಡಲ್ಲ” ಅನ್ನಬೇಕು. ಅಜ್ಜಿ ಹೇಳಿದ್ದನ್ನ ಅಪ್ಪ ಅಳಿಸೋಕಾಗಲ್ಲ. ಆಮೇಲೆ ಜನ ಇಲ್ಲದ ಮಧ್ಯಾಹ್ನ ಗುಡಿ ಅಂಗಳಕ್ಕೆ ಕರ್ಕೊಂಡು ಹೋಗಿ, ಗರ್ಭಗುಡಿ ದೂರದಿಂದ ಕಾಣೋ ಕಡೆ ಕೂತ್ಕೊಳ್ಳಿ. ಮಗು ಸಡಿಲವಾಗಿ ಮಾತಾಡೋಕೆ ಶುರು ಮಾಡೋವರೆಗೂ ಏಳಬೇಡಿ. ಅಳೋಕೆ ಶುರುವಾದ ಕೂಡಲೇ ಎತ್ಕೊಂಡು ಓಡಿದ್ರೆ, ಓಡಿದ್ದಕ್ಕೇ ಬದುಕಿದೆ ಅಂತ ಮಗು ಕಲಿಯುತ್ತೆ. ಎಳ್ಕೊಂಡು ಹೋಗಿ ಮೂರ್ತಿ ಮುಂದೆ ನಿಲ್ಲಿಸಿದ್ರೆ ಅದಕ್ಕಿಂತ ಕೆಟ್ಟದ್ದು. ಎರಡು ಮೂರು ಭೇಟಿಗೊಮ್ಮೆ ಸ್ವಲ್ಪ ಹತ್ತಿರ ಹೋದ್ರೆ ಸಾಕು.

ದೊಡ್ಡ ಮಕ್ಕಳಲ್ಲಿ ಇನ್ನೊಂದು ಥರ ಇದೆ, ಅದನ್ನ “ಎಷ್ಟು ಭಕ್ತಿ” ಅಂತ ಹೊಗಳಿ ಕೆಡಿಸ್ತಾರೆ. ಮಂತ್ರ ತಪ್ಪಾಯ್ತು ಅಂತ ಮೊದಲಿಂದ ಹೇಳೋದು, ದೇವರ ಬಗ್ಗೆ ಕೆಟ್ಟ ಯೋಚನೆ ಬಂತು ಅಂತ ಕೆನ್ನೆ ಕೆನ್ನೆ ಬಡ್ಕೊಳ್ಳೋದು, “ನಂಗೆ ಪಾಪ ಬರಲ್ಲ ಅಲ್ವಾ” ಅಂತ ಹತ್ತು ಸಲ ಕೇಳೋದು. ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಇದರಲ್ಲೇ ಹೋಗ್ತಿದ್ರೆ, ಓದು ಊಟ ಕೆಡ್ತಿದ್ರೆ, ಅದು ಗೀಳು ಕಾಯಿಲೆ ಇರಬಹುದು. ಪ್ರತಿ ಸಲ “ಏನಾಗಲ್ಲ ಬಿಡು” ಅಂತ ಸಮಾಧಾನ ಹೇಳಿದಷ್ಟೂ ಅದು ಬೆಳೆಯುತ್ತೆ. ಒಂದು ಸಲ ಹೇಳಿ, ಆಮೇಲೆ “ಇದಕ್ಕೆ ಉತ್ತರ ಆಗ್ಲೇ ಆಯ್ತು” ಅನ್ನಿ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು, ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಇದಕ್ಕೆ ಚಿಕಿತ್ಸೆ ಇದೆ, ಕೆಲಸಾನೂ ಮಾಡುತ್ತೆ.

ಬೆಣ್ಣೆದೋಸೆ
ಎಲ್ಲಾ ಒಪ್ಪಿದೆ. ಆದ್ರೆ ನಾಲೆ ಕಡೆ ಹೋಗೋ ಹುಡುಗ್ರಿಗೆ “ದೆವ್ವ ಎಳ್ಕಂತೈತೆ” ಅನ್ನದೆ ಇನ್ನೇನು ಅನ್ನದು? ಅಲ್ಲಿ ಮೆತ್ತಗೆ ಹೇಳಿದ್ರೆ ಹೆಣ ಬೀಳ್ತೈತೆ.

ಭದ್ರಾನಾಲೆ
ಈ ದೆವ್ವದಿಂದಾನೇ ಹೆಣ ಬೀಳ್ತಿರೋದು ಸ್ವಾಮಿ. ಓಣಿಯ ನಾಲ್ಕು ಹುಡುಗರು ಈಜಿ ನಗ್ತಾ ಎದ್ದು ಬಂದಿದ್ದನ್ನ ಒಂದು ಸಲ ನೋಡಿದ್ರೆ ದೆವ್ವ ಸುಳ್ಳು ಅಂತ ಗೊತ್ತಾಗುತ್ತೆ. ದೆವ್ವದ ಜೊತೆ ಅಪಾಯಾನೂ ಸುಳ್ಳು ಅಂದ್ಕೊಂಡು ಐದನೆಯವನು ಇಳೀತಾನೆ.

ಇರೋ ಸಂಗತಿಯೇ ಸಾಕಷ್ಟು ಭಯಂಕರ ಇದೆ, ಅದನ್ನ ತೋರಿಸಿ. ನಾಲೆಯ ಪಕ್ಕ ಸಿಮೆಂಟಿನ ಇಳಿಜಾರು, ನೀರು ತಾಗೋ ಮಟ್ಟದಲ್ಲಿ ಪಾಚಿ. ಒಳಗೆ ಜಾರೋದು ಸುಲಭ, ಹತ್ತೋಕೆ ಬೆರಳು ಊರೋ ಸಂದೂ ಇರಲ್ಲ. ಸರದಿ ಮೇಲೆ ನೀರು ಬಿಡೋದ್ರಿಂದ ನಿನ್ನೆ ಮೊಣಕಾಲಿದ್ದ ಕಡೆ ಇವತ್ತು ಎದೆಮಟ್ಟ. ಮೇಲೆ ನಿಧಾನ ಕಂಡ್ರೂ ತೂಬಿನ ಹತ್ತಿರ ಸೆಳೆತ ಜೋರು. ನೀರು ನಿಂತಾಗ ಮಗುವನ್ನ ಕರ್ಕೊಂಡು ಹೋಗಿ, ಕೈ ಹಿಡ್ಕೊಂಡು ಆ ಪಾಚಿ ಮೇಲೆ ಒಂದು ಹೆಜ್ಜೆ ಇಡಿಸಿ. ಜಾರಿದ್ದು ಕಾಲಿಗೇ ಗೊತ್ತಾಗುತ್ತೆ. ಹಾಗೇ ನೀರು ಬಿಟ್ಟ ದಿನ ಒಂದು ಎಲೆ ಎಸೆದು, ಅದರ ಜೊತೆ ದಂಡೆ ಮೇಲೆ ಓಡಿ ನೋಡು ಅನ್ನಿ.

ಚಿತ್ರದುರ್ಗದ ಕಡೆಯವರಿಗೆ ನಾಲೆಗಿಂತ ಕೃಷಿ ಹೊಂಡದ ಅಪಾಯ ಹೆಚ್ಚು. ಪ್ಲಾಸ್ಟಿಕ್ ಹಾಳೆ ಹಾಸಿರೋ ಹೊಂಡ ಪಾಚಿಗಿಂತ ನುಣುಪು, ಈಜು ಬರೋ ದೊಡ್ಡವರೂ ಮೇಲೆ ಬರೋಕಾಗಲ್ಲ. ಸುತ್ತ ಬೇಲಿ ಇರಲೇಬೇಕು. ಜೊತೆಗೆ ನಾಲ್ಕೂ ಬದಿಗೆ ಗೂಟ ನೆಟ್ಟು, ಅಡಿಗೊಂದು ಗಂಟು ಹಾಕಿದ ನೈಲಾನ್ ಹಗ್ಗ ನೀರೊಳಗೆ ತಳದವರೆಗೂ ಇಳಿಬಿಡಿ. ಗಂಟಿಲ್ಲದ ಹಗ್ಗ ಒದ್ದೆ ಕೈಗೆ ಜಾರುತ್ತೆ. ಹಳೇ ಲಾರಿ ಟ್ಯೂಬಿಗೆ ಗಾಳಿ ತುಂಬಿ ಒಂದು ಹಗ್ಗದ ತುದಿಗೆ ಕಟ್ಟಿಡಿ. ಬಿಸಿಲಿಗೆ ನೈಲಾನ್ ಪುಡಿಯಾಗುತ್ತೆ, ವರ್ಷಕ್ಕೊಮ್ಮೆ ಎಳೆದು ನೋಡಿ ಬದಲಾಯಿಸಿ.

ಬೆಣ್ಣೆದೋಸೆ
ಹಗ್ಗಾನೂ ಕಟ್ಟಾಣ, ದೆವ್ವಾನೂ ಇರ್ಲಿ ಬಿಡ್ರಿ. ಎರಡೂ ಇದ್ರೆ ನಷ್ಟ ಏನು?

ಭದ್ರಾನಾಲೆ
ನಷ್ಟ ಇದೆ. ಒಬ್ಬ ಮುಳುಗಿದಾಗ ಜೊತೆಯವರು ಊರೊಳಗೆ ಓಡಿ ಬಂದು ಹೇಳಲ್ಲ. ನಾಲೆಗೆ ಹೋಗಿದ್ದು ಗೊತ್ತಾದ್ರೆ ಚರ್ಮ ಸುಲೀತಾರೆ ಅಂತ ಬಟ್ಟೆ ಒಣಗಿಸ್ಕೊಂಡು ಮನೆಯಲ್ಲಿ ಸುಮ್ನೆ ಕೂರ್ತಾರೆ. ಸಂಜೆ ಹುಡುಕಾಟ ಶುರುವಾಗೋ ಹೊತ್ತಿಗೆ ಮುಗಿದಿರುತ್ತೆ. ಅದಕ್ಕೇ ಮೊದಲೇ ಹೇಳಿಡಬೇಕು: “ನೀನು ಹೋಗಬಾರದ ಕಡೆ ಹೋಗಿದ್ರೂ ಸರಿ, ಯಾರಾದ್ರೂ ನೀರಿಗೆ ಬಿದ್ರೆ ಓಡಿ ಬಂದು ಹೇಳು, ಆ ದಿನ ಬೈಗುಳ ಇಲ್ಲ.” ಹೇಳಿದ ಮೇಲೆ ಆ ದಿನ ನಿಜಕ್ಕೂ ಬೈಬಾರದು. ಜೊತೆಗಿರೋನು ನೀರಿಗೆ ಹಾರಬಾರದು. ಟವೆಲ್, ಕೋಲು, ಖಾಲಿ ಕೊಡ ಏನಿದೆಯೋ ಅದನ್ನ ಎಸೆದು, ಕೂಗಿ ಜನ ಸೇರಿಸಿ, 112ಕ್ಕೆ ಫೋನ್ ಮಾಡಿಸಬೇಕು. ಮೇಲೆತ್ತಿದ ಮಗುವನ್ನ ತಲೆಕೆಳಗು ಮಾಡಿ ತಿರುಗಿಸಬೇಡಿ, ಹೊಟ್ಟೆ ಒತ್ತಬೇಡಿ. ಉಸಿರಿಲ್ಲದಿದ್ರೆ ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟು ಎದೆ ಒತ್ತಬೇಕು.

ತಾಯಿಕಾರ್ಡ್
ಅದನ್ನ ಓದಿ ಕಲಿಯೋಕಾಗಲ್ಲ, ಗೊಂಬೆ ಮೇಲೆ ಕೈಯಿಟ್ಟು ಮಾಡಬೇಕು. ಊರಿನ ಐದಾರು ಜನ ಸೇರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ ನೋಡಿ. ಬೆಣ್ಣೆದೋಸೆ ಅಣ್ಣಾ, ನೀವೂ ಬನ್ನಿ.

ಬೆಣ್ಣೆದೋಸೆ
ಬರ್ತೀನಿ ತಗಳ್ರಿ. ಸೂಜಿ ಗೀಜಿ ಇಲ್ಲ ಅಲ್ಲ?